ಭದ್ರಾವತಿಯ ಕೈಗಾರಿಕಾ ಭೂಮಿ ಕೈಗಾರಿಕೆಗೇ ಉಳಿಯಲಿ

ಹಿಂದೆ ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ ಭದ್ರಾವತಿಯು ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವಿರುವ ಪ್ರಾಚೀನ ಊರು. ಆದರೆ ನಾಡಿಗೆ ಅದರ ಪರಿಚಯವಾದದ್ದು ಕಬ್ಬಿಣ ಮತ್ತು ಕಾಗದಗಳ ಮೂಲಕ. ಇಂದು ಆ ಎರಡು ಕಾರ್ಖಾನೆಗಳ ಪೈಕಿ ಒಂದು 2015ರಿಂದ ಸ್ತಬ್ಧವಾಗಿದೆ. ಇನ್ನೊಂದರಲ್ಲಿ ಅದಿರು ಕರಗಿಸಿ ಕಬ್ಬಿಣ ತೆಗೆಯುವ ಕಾರ್ಯ ನಿಂತು ವರ್ಷಗಳೇ ಕಳೆದಿವೆ. ಈ ಕಾರ್ಖಾನೆಗಳಿಗಾಗಿ ಮೀಸಲಾದ ಭೂಮಿ, ನೀರು, ರೈಲು ಸಂಪರ್ಕ ಮತ್ತು ಅಲ್ಲಿ ಪಳಗಿದ ಕಾರ್ಮಿಕರ ಕೌಶಲ ಮುಂದೆ ಯಾವುದಕ್ಕೆ ವಿನಿಯೋಗವಾಗಬೇಕು ಎಂಬುದು ಶಿವಮೊಗ್ಗ ಹಾಗೂ ಭದ್ರಾವತಿಗಳ ವರ್ತಕರು ಮತ್ತು ಉದ್ಯಮಿಗಳು ಉದಾಸೀನ ಮಾಡಲಾಗದ ಪ್ರಶ್ನೆ.

ಇಲ್ಲಿ ಕೈಗಾರಿಕೆ ನೆಲೆಯೂರಿದ್ದು ಆಕಸ್ಮಿಕವಲ್ಲ. ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ತುಂಗೆಯನ್ನು ಸೇರುವ ಭದ್ರೆಯು ಪಟ್ಟಣದ ನಡುವೆಯೇ ಹರಿಯುತ್ತದೆ. ದಕ್ಷಿಣಕ್ಕೆ ಬಾಬಾಬುಡನ್ ಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಅದಿರು, ಸುತ್ತಲೂ ಇದ್ದಿಲಿಗೆ ಒದಗುವ ಕಾಡು, ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ಬಂದ ರೈಲುಮಾರ್ಗ. ಈ ಅನುಕೂಲಗಳನ್ನು ಒಂದುಗೂಡಿಸಿ ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ರೂಪುಗೊಂಡ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆ ಆರಂಭಿಸಿತು. ಮೊದಲ ಮಹಾಯುದ್ಧದ ಬಳಿಕ ಕಬ್ಬಿಣದ ಬೆಲೆ ಕುಸಿದುದರಿಂದ ಆರಂಭದಲ್ಲೇ ನಷ್ಟದ ಟೀಕೆಗೆ ಗುರಿಯಾಯಿತು. ದಿವಾನಗಿರಿಯಿಂದ ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರೇ ಆಡಳಿತದ ಹೊಣೆ ಹೊತ್ತು ಅದನ್ನು ಹಳಿಗೆ ತಂದರು.

ನಂತರದ ದಶಕಗಳಲ್ಲಿ ಆ ಕಾರ್ಖಾನೆ ಉಳಿದದ್ದು ಕಾಲಕ್ಕೆ ತಕ್ಕಂತೆ ಬದಲಾದುದರಿಂದ. 1938ರಲ್ಲಿ ಸಿಮೆಂಟ್ ಘಟಕ ಸೇರಿತು. ಇದ್ದಿಲಿಗೆ ಕಾಡು ಸಾಲದಾದಾಗ, ಜೋಗದ ಜಲವಿದ್ಯುತ್ತನ್ನು ಬಳಸಿ 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಮುಂದೆ ಮಿಶ್ರಲೋಹದ ಉಕ್ಕು ಅದರ ವೈಶಿಷ್ಟ್ಯವಾಯಿತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯೂ ಬಿದಿರಿನಿಂದ ಆರಂಭಿಸಿ, 1980ರ ದಶಕದಲ್ಲಿ ಪತ್ರಿಕಾ ಕಾಗದ ಮತ್ತು ಸಕ್ಕರೆಯ ಉತ್ಪಾದನೆಗೂ ವಿಸ್ತರಿಸಿಕೊಂಡಿತು.

ಬದಲಾವಣೆಯ ಈ ಗತಿ ನಿಂತೊಡನೆ ಅವನತಿ ಆರಂಭವಾಯಿತು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದು, 1998ರಲ್ಲಿ ಅದರಲ್ಲಿ ವಿಲೀನಗೊಂಡ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗೆ ಅಗತ್ಯವಿದ್ದ ಬಂಡವಾಳವಾಗಲಿ, ಸ್ವಂತ ಗಣಿಯ ಆಸರೆಯಾಗಲಿ ಒದಗಲಿಲ್ಲ. 2019ರಲ್ಲಿ ಖಾಸಗಿಯವರಿಗೆ ಮಾರುವ ಪ್ರಯತ್ನ ನಡೆಯಿತು. ಸಾಕಷ್ಟು ಆಸಕ್ತರು ಮುಂದೆ ಬಾರದ ಕಾರಣ 2022ರಲ್ಲಿ ಅದನ್ನು ಕೈಬಿಡಲಾಯಿತು. 2023ರ ಆರಂಭದಲ್ಲಿ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಚಾಲನೆಗೊಂಡಿತು. 2024ರಲ್ಲಿ ಕೇಂದ್ರ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿಯವರು ಕಾರ್ಖಾನೆಗೆ ಭೇಟಿ ನೀಡಿದಾಗ ಪುನಶ್ಚೇತನದ ಆಸೆ ಮರುಕಳಿಸಿತು.

ಪುನಶ್ಚೇತನವಾಗಲಿ ಎಂಬ ಬೇಡಿಕೆ ನ್ಯಾಯಸಮ್ಮತವಾದುದೇ. ಆದರೆ ವಾಸ್ತವವನ್ನು ಮರೆಯುವಂತಿಲ್ಲ. ತೋರಣಗಲ್ಲಿನ ಉಕ್ಕು ಸ್ಥಾವರವೊಂದರ ವಾರ್ಷಿಕ ಸಾಮರ್ಥ್ಯವೇ ಒಂದು ಕೋಟಿ ಟನ್ನಿಗೂ ಮಿಕ್ಕಿದ್ದು, ಅದರ ಸನಿಹದಲ್ಲೇ ಅದಿರಿದೆ. ಭದ್ರಾವತಿಯ ಸಾಮರ್ಥ್ಯ ಅದರ ಹತ್ತರಲ್ಲೊಂದು ಪಾಲಿಗೂ ಬಹಳ ಕಡಿಮೆ. ಸಾಮಾನ್ಯ ಉಕ್ಕಿನಲ್ಲಿ ಬೆಲೆಯ ಪೈಪೋಟಿ ನಡೆಸುವುದು ಸಾಧ್ಯವಾಗದ ಮಾತು. ಇದ್ದಿಲಿನ ಕಾಲವೂ ಮರಳಿ ಬಾರದು; ಭದ್ರಾ ಅಭಯಾರಣ್ಯವು 1998ರಲ್ಲೇ ಹುಲಿ ಯೋಜನೆಯ ವ್ಯಾಪ್ತಿಗೆ ಸೇರಿದೆ.

ಹಾಗಾದರೆ ಕೃಷಿಯೊಂದೇ ತಾಲ್ಲೂಕನ್ನು ಪೊರೆಯಬಲ್ಲುದೇ? ಲಕ್ಕವಳ್ಳಿಯ ಬಳಿ ಕಟ್ಟಿದ ಭದ್ರಾ ಜಲಾಶಯದ ನಾಲೆಗಳು ಇಲ್ಲಿನ ಬಯಲಿಗೆ ಭತ್ತ, ಕಬ್ಬು ಹಾಗೂ ಅಡಿಕೆಯ ಸಂಪತ್ತನ್ನು ತಂದವು. ಕಾಗದ ಕಾರ್ಖಾನೆಯ ಸಕ್ಕರೆ ಘಟಕ ನಿಂತ ಮೇಲೆ ಕಬ್ಬಿನ ಬೆಳೆಗಾರರಿಗೆ ಮನೆಬಾಗಿಲಿನ ಮಾರುಕಟ್ಟೆ ಇಲ್ಲವಾಯಿತು. ಅಡಿಕೆಗೆ ಶಿವಮೊಗ್ಗದ ಮಂಡಿಗಳ ಮತ್ತು ಮಾಮ್ಕೋಸ್‌ನಂಥ ಸಹಕಾರ ಸಂಸ್ಥೆಯ ಬಲವಿದೆ, ನಿಜ. ಆದರೆ ರಾಶಿ, ಬೆಟ್ಟೆಗಳ ಧಾರಣೆ ಏರಿದಾಗ ಪೇಟೆಯ ವ್ಯಾಪಾರವೆಲ್ಲ ಕಳೆಗಟ್ಟುವುದನ್ನೂ ಇಳಿದಾಗ ಕುಸಿಯುವುದನ್ನೂ ಅಂಗಡಿಕಾರರು ಬಲ್ಲರು. ಆಮದು, ರೋಗಬಾಧೆ, ಆರೋಗ್ಯದ ಕಾರಣಕ್ಕೆ ಬರಬಹುದಾದ ನಿರ್ಬಂಧ ಇವೆಲ್ಲ ಆ ಬೆಳೆಯ ಮೇಲೆ ತೂಗುತ್ತಿರುವ ಕತ್ತಿ. ಒಂದೇ ಬೆಳೆಯನ್ನು ನಂಬಿದ ಪೇಟೆಯು ಒಂದೇ ಕಂಬದ ಮೇಲೆ ನಿಂತ ಚಪ್ಪರವಿದ್ದಂತೆ.

ಆದ್ದರಿಂದ ಮಧ್ಯಮ ಮಾರ್ಗವೊಂದನ್ನು ಯೋಚಿಸುವುದು ಅನಿವಾರ್ಯ. ಎರಡು ನಗರಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಎರಕದ ಉದ್ಯಮ ಬೇರೂರಿದೆ. ಅಚ್ಚು ತಯಾರಿಕೆ, ಎರಕ, ಉಷ್ಣ ಸಂಸ್ಕರಣೆ, ಯಂತ್ರಗೆಲಸ ಇವು ಭದ್ರಾವತಿಯ ಮನೆತನಗಳಲ್ಲಿ ಎರಡು ಮೂರು ತಲೆಮಾರುಗಳಿಂದ ಬಂದ ವಿದ್ಯೆ. ದೊಡ್ಡ ಕಾರ್ಖಾನೆಗಳು ಬಳಸದೆ ಬಿಟ್ಟಿರುವ ಭೂಮಿಯ ಒಂದು ಪಾಲನ್ನು ಸಣ್ಣ ಮತ್ತು ಮಧ್ಯಮ ಘಟಕಗಳಿಗೆ ದೀರ್ಘಾವಧಿ ಗುತ್ತಿಗೆಯ ಮೇಲೆ ಒದಗಿಸಬೇಕು, ಮಾರಾಟ ಮಾಡಕೂಡದು. ಲೋಹಪರೀಕ್ಷೆಯ ಪ್ರಯೋಗಾಲಯ ಮತ್ತು ಟೂಲ್ ರೂಮ್‌ಗಳನ್ನು ಸಾಮೂಹಿಕವಾಗಿ ಸ್ಥಾಪಿಸಿದರೆ, ಒಬ್ಬೊಬ್ಬರೇ ಭರಿಸಲಾಗದ ವೆಚ್ಚವನ್ನು ಹತ್ತು ಘಟಕಗಳು ಹಂಚಿಕೊಳ್ಳಬಹುದು. ನಿವೃತ್ತ ಕುಶಲಕರ್ಮಿಗಳು ಐಟಿಐ ಮುಗಿಸಿದ ಯುವಕರಿಗೆ ಶಿಕ್ಷಕರಾಗಬಹುದು. ಬೃಹತ್ ಹೂಡಿಕೆ ಮುಂದೊಂದು ದಿನ ಬಂದುದಾದರೂ ಇಂತಹ ಘಟಕಗಳು ಅದಕ್ಕೆ ಪೂರಕವಾಗುವುವೇ ಹೊರತು ಅಡ್ಡಿಯಾಗವು.

ಇದಕ್ಕೆ ಇರುವ ಅಪಾಯವೆಂದರೆ ಕಾಲಹರಣ. ಖಾಲಿ ಬಿದ್ದ ಭೂಮಿಯ ಮೇಲೆ ಬಡಾವಣೆಗಳ ಕಣ್ಣು ಬೀಳುವುದು ಸಹಜ. ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಸುತ್ತಲಿನ ನೆಲದ ಆಕರ್ಷಣೆ ಹೆಚ್ಚಿದೆ. ಒಮ್ಮೆ ನಿವೇಶನಗಳಾಗಿ ಹಂಚಿಹೋದ ಭೂಮಿಯಲ್ಲಿ ಮತ್ತೆ ಕುಲುಮೆ ಹೊತ್ತಿಸಲಾಗದು. ಕುಶಲಕರ್ಮಿಗಳ ಮಕ್ಕಳು ಬೆಂಗಳೂರಿನ ಬಸ್ ಹತ್ತಿದ ಮೇಲೆ ಆ ವಿದ್ಯೆಯನ್ನು ಕಲಿಸುವವರೂ ಕಲಿಯುವವರೂ ಇಲ್ಲಿರುವುದಿಲ್ಲ.

ನಗರಾಭಿವೃದ್ಧಿಗೆ ಶಿವಮೊಗ್ಗ ಮತ್ತು ಭದ್ರಾವತಿಗಳಿಗೆ ಒಂದೇ ಪ್ರಾಧಿಕಾರವಿದೆ. ಕೈಗಾರಿಕೆಯ ವಿಚಾರದಲ್ಲೂ ಎರಡನ್ನೂ ಒಂದೇ ವಲಯವಾಗಿ ಕಾಣುವುದು ಯುಕ್ತ. ಬಳಕೆಯಾಗದ ಭೂಮಿ, ಕಟ್ಟಡ ಮತ್ತು ಯಂತ್ರಗಳ ಸಮೀಕ್ಷೆಯನ್ನು ಬಹಿರಂಗಪಡಿಸುವಂತೆ ಕೇಂದ್ರ ಹಾಗೂ ರಾಜ್ಯ ಸರ್ಕಾರಗಳನ್ನು ಒತ್ತಾಯಿಸುವುದು ಮೊದಲ ಹೆಜ್ಜೆಯಾಗಬೇಕು. ಎರಡೂ ಊರುಗಳ ವರ್ತಕರು, ಉದ್ಯಮಿಗಳು ಹಾಗೂ ಕಾರ್ಮಿಕ ಸಂಘಟನೆಗಳು ಒಂದೇ ಮನವಿಗೆ ಸಹಿ ಹಾಕಿದಲ್ಲಿ ಆ ದನಿಯನ್ನು ಅಲಕ್ಷಿಸುವುದು ಯಾವ ಸರ್ಕಾರಕ್ಕೂ ಸುಲಭವಾಗದು.