ಸೈಕಲ್ ಸವಾರಿಯ ದಣಿವು ಮತ್ತು ದಾರಿಯ ಕಂಪನ

ಮುಂಡರಗಿ, ಶಿರಹಟ್ಟಿ ಸೀಮೆಯ ಹಳ್ಳಿಗಳಿಂದ ಪ್ರೌಢಶಾಲೆಗೆ ಸೈಕಲ್ ತುಳಿದು ಬರುವ ಮಕ್ಕಳು ಮೊದಲ ತಾಸಿನಲ್ಲಿಯೇ ತೂಕಡಿಸಿದರೆ, ಈಗಿನವರಿಗೆ ತ್ರಾಣವಿಲ್ಲವೆಂದು ಹಿರಿಯರು ಆಡಿಕೊಳ್ಳುವುದುಂಟು. ಈ ಮಾತನ್ನು ನಾವು ಒಪ್ಪುವುದಿಲ್ಲ. ಮಗುವಿನ ತ್ರಾಣವನ್ನು ಅಳೆಯುವ ಮುನ್ನ ಅದು ಬಂದ ದಾರಿಯನ್ನೂ ಸೈಕಲ್ಲಿನ ಗಾಲಿಯನ್ನೂ ನೋಡಬೇಕು.

ದೂರ, ಏರು, ಎದುರುಗಾಳಿಗಳಷ್ಟೇ ದಣಿಸುತ್ತವೆಂದು ನಾವು ತಿಳಿದಿದ್ದೇವೆ. ಕಂಪನವೂ ದಣಿಸುತ್ತದೆ. ಗಾಲಿಯ ಅಲುಗಾಟವು ಹ್ಯಾಂಡಲ್, ಸೀಟು, ಪೆಡಲ್‌ಗಳ ಮೂಲಕ ದೇಹವನ್ನು ಸೇರುತ್ತದೆ. ಅದನ್ನು ತಡೆಯಲು ತೊಡೆ, ಬೆನ್ನು, ತೋಳುಗಳ ಸ್ನಾಯುಗಳು ನಮ್ಮ ಅರಿವಿಗೆ ಬಾರದೆಯೇ ಮತ್ತೆ ಮತ್ತೆ ಬಿಗಿಯುತ್ತವೆ. ಹೀಗೆ ದೇಹಕ್ಕೆ ಎರಡು ಕಾಯಕ: ತುಳಿಯುವುದೊಂದು, ಅಲುಗಾಟವನ್ನು ತಾಳುವುದೊಂದು. ಎರಡನೆಯದು ಸೈಕಲ್ಲನ್ನು ಒಂದಂಗುಲವೂ ಮುಂದೊಯ್ಯದು, ಆದರೂ ಅದಕ್ಕೆ ಆಮ್ಲಜನಕ ಬೇಕು. ಕಂಪಿಸುವ ಸೈಕಲ್ಲನ್ನು ತುಳಿಸಿ ಪರೀಕ್ಷಿಸಿದವರು, ತುಳಿತದ ಬಲ ಒಂದೇ ಆಗಿದ್ದರೂ ಆಮ್ಲಜನಕದ ಖರ್ಚು ಏರುವುದನ್ನು ಕಂಡಿದ್ದಾರೆ. ಬುತ್ತಿ ಬೇಗ ತೀರಿದ ಮೇಲೆ ದಾರಿ ಉಳಿದಿರುತ್ತದೆ.

ನಮ್ಮ ಎರೆಭೂಮಿಯು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಅಲೆಯಲೆಯಾಗುವುದು ಸಹಜ. ಕಪ್ಪತಗುಡ್ಡದ ಮಗ್ಗುಲಿನ ಗರಸಿನ ದಾರಿಗಳ ಮಾತಂತೂ ಬೇಡ. ವಾಹನಗಳು ತುಳಿದಂತೆಲ್ಲ ಅಲ್ಲಿ ಅಡ್ಡಡ್ಡ ಗೆರೆಗಳೇಳುತ್ತವೆ.

ಇಂಥ ದಾರಿಗೆ ಗಾಲಿಯನ್ನು ಕಲ್ಲಿನಂತೆ ಗಟ್ಟಿ ಮಾಡಿಸಿಕೊಂಡು ಹೊರಡುವವರೇ ನಮ್ಮಲ್ಲಿ ಹೆಚ್ಚು. ಗಾಳಿ ಹೆಚ್ಚಾದಷ್ಟು ಸೈಕಲ್ ಹಗುರವೆಂಬ ನಂಬಿಕೆ ನುಣುಪು ರಸ್ತೆಗೆ ತಕ್ಕಮಟ್ಟಿಗೆ ನಿಜ, ಒರಟು ದಾರಿಗೆ ಅಲ್ಲ. ಅಲ್ಲಿ ಬಿರುಸಾದ ಗಾಲಿಯು ಪ್ರತಿ ಕಲ್ಲಿಗೂ ಸವಾರನನ್ನು ಎತ್ತಿ ಕುಕ್ಕುತ್ತದೆ. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟಾಯರಿಗೆ ಪೇಟೆಂಟ್ ಪಡೆದದ್ದು ತನ್ನ ಮಗನ ಮೂರು ಗಾಲಿಯ ಸೈಕಲ್ಲು ಕುಲುಕದಿರಲೆಂದು ಮಾಡಿದ ಯತ್ನದ ಫಲ. ಅತಿಯಾಗಿ ಗಾಳಿ ತುಂಬಿದರೆ ಆ ಉಪಕಾರವನ್ನು ನಾವೇ ಕಳೆದುಕೊಂಡಂತೆ. ಎಷ್ಟರಿಂದ ಎಷ್ಟರವರೆಗೆ ಗಾಳಿ ಇರಬೇಕೆಂಬುದನ್ನು ಟಾಯರಿನ ಮಗ್ಗುಲಲ್ಲಿಯೇ ಅಚ್ಚು ಹಾಕಿರುತ್ತಾರೆ. ಹಗುರ ಮೈಯ ಮಕ್ಕಳಿಗೆ ಅದರ ಕೆಳಗಿನ ಅಂಕಿಯ ಸಮೀಪವೇ ಸಾಕು. ಅದಕ್ಕಿಂತ ಇಳಿಸಬಾರದು, ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹರಿಯುತ್ತದೆ.

ನಮ್ಮ ಅಜ್ಜಂದಿರ ಕರಿ ಸೈಕಲ್ಲುಗಳು ಭಾರವಾಗಿದ್ದವು, ನಿಜ. ಆದರೆ ತೊಗಲಿನ ಸೀಟಿನ ಕೆಳಗೆ ದಪ್ಪ ಸ್ಪ್ರಿಂಗುಗಳಿದ್ದವು. ಗದಗದಿಂದ ಸುಮಾರು 40 ಕಿಲೋಮೀಟರ್ ದೂರದ ಲಕ್ಷ್ಮೇಶ್ವರಕ್ಕೂ ಅದರ ಮೇಲೆಯೇ ಹೋಗಿಬರುತ್ತಿದ್ದ ಹಿರಿಯರು ತಮ್ಮ ತ್ರಾಣವನ್ನು ಹೊಗಳಿಕೊಳ್ಳುವಾಗ ಆ ಸ್ಪ್ರಿಂಗುಗಳನ್ನೂ ಒಮ್ಮೆ ನೆನೆಯಬೇಕು!

ಹ್ಯಾಂಡಲನ್ನು ಬಿಗಿಹಿಡಿಯುವುದೂ ಕೂಡದು. ಮೊಣಕೈ ತುಸು ಮಡಿಚಿರಲಿ. ತಗ್ಗು ಬಂದಾಗ ಸೀಟಿನಿಂದ ಕೊಂಚ ಎದ್ದರೆ ಪೆಟ್ಟು ಕಾಲಿಗೆ ಹಂಚಿಹೋಗುತ್ತದೆ. ಕಿರುಬೆರಳು, ಉಂಗುರಬೆರಳು ಜುಮುಗುಡುತ್ತಿದ್ದರೆ ಅಂಗೈಯ ಅಂಚಿನ ನರ ಒತ್ತಿಕೊಂಡಿರಬಹುದು. ಕೆಲವು ದಿನ ಸವಾರಿ ಬಿಟ್ಟರೂ ಅದು ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು.

ಕಂಪಿಸುವ ಹಲಗೆಯ ಮೇಲೆ ನಿಂತು ವ್ಯಾಯಾಮ ಮಾಡುವವರಿದ್ದಾರಲ್ಲ ಎಂದು ಕೆಲವರು ಕೇಳಬಹುದು. ಅದು ಕೆಲವೇ ನಿಮಿಷಗಳ, ಅಳತೆಯ ಅಲುಗಾಟ. ಶಾಲೆಯ ದಾರಿಗೆ ಆ ಅಳತೆಯಿಲ್ಲ.

ಗಾಲಿಯ ಗಾಳಿ ನಮ್ಮ ಕೈಯಲ್ಲಿದೆ, ದಾರಿ ಇಲ್ಲ. 2006-07ರಲ್ಲಿ ರಾಜ್ಯ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿತು. ಅವು ಓಡುವ ದಾರಿಯ ಅಂಚು ಯಾರ ಲೆಕ್ಕಕ್ಕೂ ಬರಲಿಲ್ಲ. ಬಸ್ಸಿನ ರಸ್ತೆಗಾಗಿ ಗ್ರಾಮಸಭೆಯಲ್ಲಿ ದನಿಯೆತ್ತುವ ಪಾಲಕರು ಮುಂದಿನ ಸಭೆಯಲ್ಲಿ ಈ ಅಂಚಿನ ದುರಸ್ತಿಯನ್ನೂ ಠರಾವಿನಲ್ಲಿ ಬರೆಸಲಿ.