ಕನಕನಿಗೆ ರಜೆ ಕೊಡಬೇಡಿ

2025ರಲ್ಲಿ ಕನಕ ಜಯಂತಿ ನವೆಂಬರ್ 8ರಂದು, ಎರಡನೇ ಶನಿವಾರ ಬಿತ್ತು. 'ಒಂದು ರಜೆ ಹೋಯ್ತಲ್ಲ' ಎಂಬ ಗೊಣಗಾಟ ಬಿಟ್ಟರೆ ಆ ದಿನದ ಬಗ್ಗೆ ನನ್ನ ಕಿವಿಗೆ ಬೇರೇನೂ ಬೀಳಲಿಲ್ಲ. ಕವಿಯೊಬ್ಬನ ಹೆಸರಿನಲ್ಲಿ ಸರ್ಕಾರವೇ ಆಚರಿಸುವ ದಿನಕ್ಕೆ ಇದಕ್ಕಿಂತ ಅವಮಾನ ಬೇಕೆ?

ಜಯಂತಿಯ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಭಾವಚಿತ್ರದ ಮೆರವಣಿಗೆ, ಡೊಳ್ಳು, ವೇದಿಕೆ ತುಂಬ ಗಣ್ಯರು, ಪ್ರತಿಭಾ ಪುರಸ್ಕಾರ. ಕೊನೆಗೆ ಸಮಯದ ಅಭಾವದಿಂದ ಹತ್ತು ನಿಮಿಷಕ್ಕೆ ಇಳಿದ ವಿಶೇಷ ಉಪನ್ಯಾಸ. ಉಪನ್ಯಾಸಕರು ಉಡುಪಿಯ ಕಿಂಡಿಯ ಕತೆ ಹೇಳಿ ಕೂರುತ್ತಾರೆ. ಮೋಹನತರಂಗಿಣಿ, ನಳಚರಿತ್ರೆಗಳ ಹೆಸರು ಬಂದು ಹೋಗುತ್ತವೆ. ಪುಸ್ತಕವನ್ನು ಯಾರೂ ತೆರೆಯುವುದಿಲ್ಲ.

ಜಯಂತಿಗಳೇ ದಂಡ ಎನ್ನುವವರ ಜೊತೆ ನಾನಿಲ್ಲ. ಕುರುಬ ಸಮುದಾಯದವರಿಗೆ ತಮ್ಮ ಕವಿಯ ಚಿತ್ರ ಸರ್ಕಾರಿ ಕಚೇರಿಯ ಗೋಡೆ ಏರಿದ್ದು ಸಣ್ಣ ಸಂಗತಿಯಲ್ಲ. ಅದನ್ನು ಜಾತೀಯತೆ ಎಂದು ಮೂಗು ಮುರಿಯುವವರಿಗೆ ಮೇಲ್ಜಾತಿಯ ಕವಿ ಮಾತ್ರ ಜಾತಿಯೇ ಇಲ್ಲದವನಾಗಿ ಕಾಣುವುದು ಹೇಗೋ! ನನ್ನ ತಕರಾರು ಬೇರೆ. ಕನಕನನ್ನು ಒಂದು ಸಮುದಾಯಕ್ಕೆ, ಸರ್ವಜ್ಞನನ್ನು ಇನ್ನೊಂದಕ್ಕೆ ಹಂಚಿಕೊಟ್ಟು, ಅವರನ್ನು ಎಲ್ಲರಿಗೂ ಓದಿಸುವ ಹೊಣೆಯಿಂದ ಸರ್ಕಾರ ಕೈತೊಳೆದುಕೊಂಡಿದೆ.

ರಾಮಧಾನ್ಯಚರಿತ್ರೆಯನ್ನೇ ನೋಡಿ. ಭತ್ತಕ್ಕೂ ರಾಗಿಗೂ ಜಗಳ. ದೇವರ ನೈವೇದ್ಯಕ್ಕೆ ಸಲ್ಲುವವನು ನಾನು ಎಂದು ಭತ್ತದ ಜಂಬ. ಬರಗಾಲದಲ್ಲಿ ಬಡವರ ಜೀವ ಉಳಿಸುವವನು ನಾನು ಎಂದು ರಾಗಿಯ ಉತ್ತರ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರತೆಗೆದಾಗ ಭತ್ತ ಸೊರಗಿದೆ, ರಾಗಿ ಗಟ್ಟಿಯಾಗಿದೆ. ರಾಘವ ಎಂಬ ತನ್ನ ಹೆಸರನ್ನೇ ರಾಮ ಅದಕ್ಕೆ ಕೊಡುತ್ತಾನೆ. ಬೆಳಗ್ಗೆ ಮುದ್ದೆ ಉಂಡು ಬಂದು ಮಧ್ಯಾಹ್ನ ಬಿಸಿಯೂಟದ ಅನ್ನಕ್ಕೆ ತಟ್ಟೆ ಹಿಡಿಯುವ ಮಕ್ಕಳಿಗೆ ಇದನ್ನು ವಿವರಿಸಲು ಪಂಡಿತರೇನೂ ಬೇಕಿಲ್ಲ. ಯಾರ ಊಟ ಮೇಲು, ಯಾರದು ಕೀಳು ಎಂಬ ಜಗಳ ನಮ್ಮ ಶಾಲೆಗಳಲ್ಲಿ ಇನ್ನೂ ಮುಗಿದಿಲ್ಲ. ಬಿಸಿಯೂಟದ ಮೊಟ್ಟೆಗಾಗಿ ಎದ್ದ ಗಲಾಟೆ ನೆನಪಿದ್ದವರಿಗೆ ಇದು ಗೊತ್ತು. ಇಂಥ ಕಾವ್ಯ ಓದಬೇಕಾದ ದಿನವೇ ತರಗತಿಗೆ ಬೀಗ.

ಹಾಗಾಗಿ ರಜೆ ರದ್ದಾಗಲಿ. ಎರಡು ಪೀರಿಯಡ್ ರಾಮಧಾನ್ಯಚರಿತ್ರೆಗೆ ಸಿಗಲಿ. ಭಾಮಿನಿ ಷಟ್ಪದಿ ಗಟ್ಟಿಯಾಗಿ ಓದಿದರೆ ಮಕ್ಕಳ ನಾಲಿಗೆಗೆ ತಾನಾಗಿ ಹತ್ತುತ್ತದೆ. ಊರಿನಲ್ಲಿ ಗಮಕ ಬಲ್ಲವರಿದ್ದರೆ ಕರೆಸಿ. ಅರ್ಥವಾಗದ ಪದಗಳನ್ನು ಮೇಷ್ಟ್ರು ಬಿಡಿಸಿ ಹೇಳಲಿ, ಭತ್ತದ ಪರ, ರಾಗಿಯ ಪರ ಮಕ್ಕಳೇ ವಾದ ಮಾಡಲಿ. ಮೆರವಣಿಗೆ ಸಂಜೆ ಹೊರಡಲಿ, ನಾನೂ ಬರುತ್ತೇನೆ. ಅಂದಿನ ಬಿಸಿಯೂಟಕ್ಕೆ ಮುದ್ದೆ ಹಾಕಿಸಿದರೆ ಇನ್ನೂ ಒಳ್ಳೆಯದು.