ಕಸಿದದ್ದನ್ನು ಹಿಂತಿರುಗಿಸುವ ಪಾಠ

ಮಕ್ಕಳ ಜಗಳ ತಾನೇ ಎಂದು ಹಿರಿಯರು ನಕ್ಕು ಮರೆಯುತ್ತಾರೆ. ಪೆಟ್ಟು ತಿಂದ ಮಗು ಮರೆಯುವುದಿಲ್ಲ. ಅಮೆರಿಕದ ಪಿಕ್ಸಾರ್ ಸಂಸ್ಥೆ 2017ರಲ್ಲಿ ಹೊರತಂದ, ಡೇವ್ ಮಲಿನ್ಸ್ ನಿರ್ದೇಶನದ ‘ಲೂ’ ಎಂಬ ಅನಿಮೇಷನ್ ಕಿರುಚಿತ್ರ ಸಾರುವುದು ಇದನ್ನೇ. ಸುಮಾರು 7 ನಿಮಿಷದ ಈ ಚಿತ್ರದಲ್ಲಿ ಸಂಭಾಷಣೆಯೇ ಇಲ್ಲ.

ಶಾಲೆಯ ಬಯಲಿನಲ್ಲಿ ಜೆ.ಜೆ. ಎಂಬ ಪುಂಡ ಹುಡುಗ ಇತರರ ಆಟಿಕೆಗಳನ್ನು ಕಸಿದು ಚೀಲಕ್ಕೆ ತುಂಬುತ್ತಾನೆ. ಕಳೆದುಹೋದ ವಸ್ತುಗಳ ಪೆಟ್ಟಿಗೆಯಲ್ಲಿ, ಆ ವಸ್ತುಗಳಿಂದಲೇ ಮೈತಳೆದ ಲೂ ಆ ಚೀಲಕ್ಕಾಗಿ ಅವನೊಡನೆ ಸೆಣಸುತ್ತದೆ. ಅದೇ ಪೆಟ್ಟಿಗೆಯಲ್ಲಿ ಹುಡುಗನ ಹಳೆಯ ಬೊಂಬೆನಾಯಿ ಸಿಕ್ಕುತ್ತದೆ. ಹಿಂದೊಮ್ಮೆ ಅವನಿಗಿಂತ ದೊಡ್ಡವನೊಬ್ಬ ಅದನ್ನು ಕಸಿದಿದ್ದ! ಪೀಡಿಸುವವನೂ ಹಿಂದೆ ಪೀಡೆ ಉಂಡವನೇ.

ಲೂ ಅವನನ್ನು ದಂಡಿಸುವುದಿಲ್ಲ. ಸುಮ್ಮನೆ ಬಿಡುವುದೂ ಇಲ್ಲ. ಎಲ್ಲರ ವಸ್ತು ಎಲ್ಲರಿಗೆ ಮುಟ್ಟಿದ ಮೇಲೆಯೇ ನಾಯಿ ಅವನ ಕೈಸೇರುತ್ತದೆ. ಕೊನೆಗೆ ಮಕ್ಕಳು ಅವನನ್ನು ಆಟಕ್ಕೆ ಸೇರಿಸಿಕೊಳ್ಳುತ್ತಾರೆ.

ಗಿರಣಿಯಿಂದ, ಅಂಗಡಿಯಿಂದ ದಣಿದು ಮನೆಗೆ ಬರುವ ತಂದೆತಾಯಿಗಳೇ, ಮಗನ ಮೇಲೆ ದೂರು ಬಂದಾಗ ಕೈಯೆತ್ತುವ ಮೊದಲು ಎರಡು ಮಾತು ಕೇಳಿರಿ: ನಿನ್ನಿಂದ ಯಾರು ಏನು ಕಸಿದರು? ನೀನು ಕಸಿದದ್ದನ್ನು ಯಾವಾಗ ಕೊಡುತ್ತೀ? ಮೊದಲನೆಯದನ್ನು ಕೇಳದ ಶಿಕ್ಷೆ ಬರಿಯ ಸೇಡು. ಎರಡನೆಯದನ್ನು ಕೇಳದ ಕರುಣೆ ಕಳೆದುಕೊಂಡ ಮಗುವಿಗೆ ಅನ್ಯಾಯ.